ಈಗ ಕೊಸರು ಕೇಳುವುದು ಅಂಗಡಿಯವರ ಸರದಿ

ಪ್ರಶ್ನೆ: ನಾನು ತುಮಕೂರಿನವಳು. ಹೋದ ತಿಂಗಳು ಒಂದು ದೊಡ್ಡ ಸೂಪರ್ ಮಾರ್ಕೆಟ್‌ನಲ್ಲಿ ಬೇಳೆ, ಎಣ್ಣೆ, ಸೋಪು ಅಂತ 860 ರೂಪಾಯಿ ಸಾಮಾನು ತಗೊಂಡೆ. ಬಿಲ್ ಹಾಕುವ ಹುಡುಗ ಮೊದಲು ಮೊಬೈಲ್ ನಂಬರ್ ಕೇಳಿದ. ಯಾಕೆ ಅಂದರೆ "ನಂಬರ್ ಹಾಕದಿದ್ರೆ ಕಂಪ್ಯೂಟರ್ ಮುಂದಕ್ಕೇ ಹೋಗಲ್ಲ ಮೇಡಂ" ಅಂದ. ಕೊಟ್ಟೆ. ಆಮೇಲೆ ಹೆಸರು, ಹುಟ್ಟಿದ ದಿನ, ಮದುವೆಯಾದ ದಿನ. ಆಮೇಲೆ 999 ಮಾಡಿಸಿದರೆ ಬಿಸ್ಕತ್ ಡಬ್ಬ ಅರ್ಧ ಬೆಲೆಗೆ, ಕವರ್ ಬೇಕಾ, ಚಿಲ್ಲರೆ ದಾನ ಮಾಡ್ತೀರಾ. ಹಿಂದೆ ಆರು ಜನ ಕಾಯುತ್ತಿದ್ದರು, ನಾಚಿಕೆಯಾಗಿ ಎಲ್ಲದಕ್ಕೂ ಹೂಂ ಅಂದೆ. ಈಗ ದಿನಕ್ಕೆ ಮೂರು ನಾಲ್ಕು ಮೆಸೇಜ್. ಇನ್ನೊಂದು ಕಡೆ ನಮ್ಮ ಅತ್ತೆ ಔಷಧಿ ಅಂಗಡಿಯಲ್ಲಿ ಓಟಿಪಿ ಕೂಡ ಹೇಳಿ ಬಂದಿದ್ದಾರೆ. ನಂಬರ್ ಕೊಡಲೇಬೇಕಾ? ಕೊಟ್ಟಿರುವುದನ್ನು ತೆಗೆಸಬಹುದಾ?

ಉತ್ತರ: ಕೊಡಬೇಕಾಗಿಲ್ಲ. ತೆಗೆಸಬಹುದು. ಇಷ್ಟೇ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಕೌಂಟರ್‌ನ ಆಚೆ ಬದಿಯಲ್ಲಿ ನಾನು ಹನ್ನೊಂದು ವರ್ಷ ನಿಂತಿದ್ದೇನೆ, ಬಟ್ಟೆ ಅಂಗಡಿಯಲ್ಲೂ ದಿನಸಿ ಅಂಗಡಿಯಲ್ಲೂ. ಹಾಗಾಗಿ ಆ ಹುಡುಗ ಯಾಕೆ ಹಾಗಂದ ಅನ್ನುವುದನ್ನೂ ಹೇಳಬೇಕು. ಅದು ಗೊತ್ತಾದರೆ ಬೇಡ ಅನ್ನುವುದು ಸುಲಭ.

ಹಿಂದೆ ಸಂತೆಯಲ್ಲಿ ಸೊಪ್ಪು, ಅವರೆಕಾಯಿ ತಗೊಂಡರೆ ಕೊನೆಗೆ ನಾವು ಕೊಸರು ಕೇಳುತ್ತಿದ್ದೆವು, ಅಲ್ವಾ? ತೂಕ ಮುಗಿದ ಮೇಲೆ ಇನ್ನೊಂದು ಹಿಡಿ, ದುಡ್ಡಿಲ್ಲದೆ. ಈಗ ಅದು ತಿರುಗಿದೆ. ದುಡ್ಡು ಕೊಟ್ಟ ಮೇಲೆ ಕೊಸರು ಕೇಳುವವರು ಅಂಗಡಿಯವರು. ಆ ಕೊಸರೇ ನಿಮ್ಮ ನಂಬರ್. ಕೌಂಟರ್‌ನಲ್ಲಿ ನಡೆಯುವುದು ಒಂದು ವ್ಯಾಪಾರ ಅಲ್ಲ, ಎರಡು. ಬೇಳೆಗೆ ದುಡ್ಡು, ಅದೊಂದು. ನಂಬರಿಗೆ ಪಾಯಿಂಟ್ಸೋ ರಿಯಾಯಿತಿಯೋ ಏನೂ ಇಲ್ಲವೋ, ಅದು ಇನ್ನೊಂದು. ಎರಡನ್ನೂ ಒಂದೇ ಅನ್ನುವ ಹಾಗೆ ಬೆಸೆದು ಕೇಳುತ್ತಾರೆ. ನೀವು ಬಿಡಿಸಿ ನೋಡಬೇಕು, ಅಷ್ಟೇ.

ಮೊದಲು ಬಿಲ್ಲಿನ ವಿಷಯ. ಬಿಲ್ಲಿನಲ್ಲಿ ಏನೇನು ಇರಬೇಕು ಅಂತ ನಿಯಮ ಇದೆ. ಅಂಗಡಿಯ ಹೆಸರು ವಿಳಾಸ, ಬಿಲ್ ನಂಬರ್, ತಾರೀಕು, ಏನು ಕೊಂಡಿರಿ, ಎಷ್ಟು, ತೆರಿಗೆ ಎಷ್ಟು, ಹೀಗೆ. ಗ್ರಾಹಕರ ಮೊಬೈಲ್ ನಂಬರ್ ಆ ಪಟ್ಟಿಯಲ್ಲಿಲ್ಲ. ಜಿಎಸ್‌ಟಿ ನಿಯಮ ಕೂಡ ನಿಮ್ಮ ನಮ್ಮಂಥ ಸಾಮಾನ್ಯ ಗಿರಾಕಿಯ ಹೆಸರು, ವಿಳಾಸ ಬರೆಯಲೇಬೇಕು ಅನ್ನುವುದು ಬಿಲ್ 50,000 ರೂಪಾಯಿ ಮುಟ್ಟಿದಾಗ. 860 ರೂಪಾಯಿಗೆ ಅಲ್ಲ. ಒಡವೆ ಅಂಗಡಿಯಲ್ಲಿ 2 ಲಕ್ಷ ದಾಟಿದರೆ ಪ್ಯಾನ್ ಕೇಳುತ್ತಾರೆ, ಅದು ಆದಾಯ ತೆರಿಗೆಯ ಲೆಕ್ಕ, ಅಲ್ಲಿ ಜಗಳ ಆಡಬೇಡಿ. ಔಷಧಿ ಅಂಗಡಿಯಲ್ಲಿ ಕೆಲವು ಮಾತ್ರೆಗಳಿಗೆ, ಶೆಡ್ಯೂಲ್ ಎಚ್1 ಅನ್ನುವ ಪಟ್ಟಿಯಲ್ಲಿರುವವಕ್ಕೆ, ಬೇರೆ ಪುಸ್ತಕ ಇಟ್ಟು ವೈದ್ಯರ ಹೆಸರು, ರೋಗಿಯ ಹೆಸರು, ಔಷಧಿ ಎಷ್ಟು ಕೊಟ್ಟರು ಅಂತ ಬರೆದುಕೊಳ್ಳಬೇಕು. ಅಲ್ಲಿ ಹೆಸರು ಕೇಳಿದರೆ ಕೊಡಿ. ಕ್ರೋಸಿನ್ ತಗೊಳ್ಳೋಕೆ ಫೋನ್ ನಂಬರ್ ಅಂದರೆ ಮಾತ್ರ ಅದು ಕಾನೂನಲ್ಲ, ಅವರ ಆಸೆ.

ಇನ್ನು "ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ" ಅನ್ನುವ ಮಾತು. ಇದನ್ನು ನಾನೇ ನೂರಾರು ಸಲ ಹೇಳಿದ್ದೇನೆ, ಈಗ ನೆನೆದರೆ ನಗು ಬರುತ್ತದೆ. ನಾನು ಕಂಡ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳಲ್ಲೆಲ್ಲ ನಂಬರ್ ಬಿಟ್ಟು ಮುಂದೆ ಹೋಗುವ ದಾರಿ ಇತ್ತು. ಎಲ್ಲೋ ಒಂದು ಕಡೆ ಆ ಜಾಗ ಖಾಲಿ ಬಿಡಲು ಆಗುತ್ತಿರಲಿಲ್ಲ, ಅಲ್ಲಿ ಅಂಗಡಿಯದ್ದೇ ಒಂದು ನಂಬರ್ ಹಾಕಿ ಮುಂದಕ್ಕೆ ಹೋಗುತ್ತಿದ್ದೆವು. ಒಂದು ವೇಳೆ ನಿಜವಾಗಿಯೂ ಮುಂದಕ್ಕೆ ಹೋಗಲ್ಲ ಅಂತಿಟ್ಟುಕೊಳ್ಳಿ. ಹಾಗೆ ಮಾಡಿಸಿದ್ದು ಕಂಪನಿ. ಕಂಪ್ಯೂಟರ್ ತಾನಾಗಿ ಹಟ ಮಾಡುವುದಿಲ್ಲ.

ಹುಡುಗ ಯಾಕೆ ಹಾಗಂದ? ಬೆಳಗ್ಗೆ ಶಟರ್ ತೆಗೆಯುವ ಮೊದಲು ನಮ್ಮಲ್ಲಿ ಐದು ನಿಮಿಷದ ಮೀಟಿಂಗ್ ಇರುತ್ತಿತ್ತು. ನಿನ್ನೆ ಎಷ್ಟು ಬಿಲ್, ಅದರಲ್ಲಿ ಎಷ್ಟಕ್ಕೆ ನಂಬರ್ ಸಿಕ್ಕಿದೆ, ಯಾವ ಕೌಂಟರ್ ಹಿಂದೆ ಬಿದ್ದಿದೆ, ಎಲ್ಲ ಎಲ್ಲರ ಮುಂದೆ ಓದುತ್ತಿದ್ದೆ. ನೂರಕ್ಕೆ ತೊಂಬತ್ತು ಬರಬೇಕು ಅಂತ ಮೇಲಿನಿಂದ ಹೇಳಿಕೆ. ಬರದಿದ್ದವರ ಇನ್ಸೆಂಟಿವ್ ಕಟ್. ತಿಂಗಳ ಕೊನೆಗೆ ಕಟ್ ಆಗುವ ಆ ಐನೂರೋ ಸಾವಿರವೋ ಆ ಹುಡುಗನಿಗೆ ದೊಡ್ಡದು. ನಮ್ಮ ಕೌಂಟರ್‌ನ ಒಬ್ಬ ಹುಡುಗಿ ನಂಬರ್ ಕೊಡದ ಗಿರಾಕಿಗಳಿಗೆಲ್ಲ ಊರಲ್ಲಿದ್ದ ಅವಳ ಅಣ್ಣನ ನಂಬರ್ ಹಾಕುತ್ತಿದ್ದಳು. ಮೂರು ತಿಂಗಳಾದ ಮೇಲೆ ಆ ಪುಣ್ಯಾತ್ಮನ ಹೆಸರಲ್ಲಿ ಮಕ್ಕಳ ಡೈಪರ್, ಶೇವಿಂಗ್ ಬ್ಲೇಡ್, ಮೂವತ್ತು ಸೈಜಿನ ಚೂಡಿದಾರ ಎಲ್ಲ ಸೇರಿ ಸಾವಿರಗಟ್ಟಲೆ ಪಾಯಿಂಟ್ಸ್ ಬಂದು, ಹೆಡ್ ಆಫೀಸಿನಿಂದ "ನಿಮ್ಮ ಶಾಖೆಯ ಅತಿ ದೊಡ್ಡ ಗ್ರಾಹಕರು" ಅಂತ ಅವನಿಗೆ ಶುಭಾಶಯದ ಮೆಸೇಜ್ ಹೋಯಿತು. ಹಾಗಾಗಿ ಕೌಂಟರ್‌ನಲ್ಲಿರುವವರ ಮೇಲೆ ರೇಗಬೇಡಿ. ಅವರು ಹೊಟ್ಟೆಪಾಡಿಗೆ ಕೇಳುತ್ತಾರೆ.

ಸರಿ, ಒಂದು ನಂಬರ್ ಕೊಟ್ಟರೆ ಏನು ಮಹಾ ಹೋಗುತ್ತದೆ ಅಂತ ಕೇಳುವವರಿದ್ದಾರೆ. ಮೆಸೇಜ್ ಬರುತ್ತದೆ ಅನ್ನುವುದು ಚಿಕ್ಕ ಕಾಟ. ದೊಡ್ಡದು ಬೇರೆ. ನೀವು ಮನೆ ಬದಲಿಸುತ್ತೀರಿ, ಕಾರ್ಡ್ ಬದಲಿಸುತ್ತೀರಿ, ನಂಬರ್ ಮಾತ್ರ ಹತ್ತು ಹದಿನೈದು ವರ್ಷ ಅದೇ. ಬ್ಯಾಂಕಿಗೂ ಅದೇ, ಆಧಾರ್‌ಗೂ ಅದೇ, ಗ್ಯಾಸ್ ಬುಕಿಂಗಿಗೂ ಅದೇ. ಬೇರೆ ಬೇರೆ ಕಡೆ ಬಿದ್ದಿರುವ ನಿಮ್ಮ ವಿಷಯಗಳನ್ನೆಲ್ಲ ಪೋಣಿಸುವ ದಾರ ಅದು. ಅಂಗಡಿಗೆ ಬೇಕಾಗಿರುವುದು ಫೋನ್ ಮಾಡಲಿಕ್ಕೆ ಅಲ್ಲ. ಇವತ್ತಿನ ಬಿಲ್ಲನ್ನೂ ಹೋದ ವರ್ಷದ ಬಿಲ್ಲನ್ನೂ ಒಂದೇ ಮನೆಯದ್ದು ಅಂತ ಗುರುತು ಹಿಡಿಯಲಿಕ್ಕೆ. ಯಾವ ಎಣ್ಣೆ, ತಿಂಗಳಿಗೆ ಎಷ್ಟು, ಹಬ್ಬಕ್ಕೆ ಎಷ್ಟು ಖರ್ಚು, ಮಗುವಿನ ಪೌಡರ್ ಯಾವಾಗ ಶುರುವಾಯಿತು, ಸಕ್ಕರೆ ಯಾವಾಗ ನಿಂತಿತು. ಹುಟ್ಟಿದ ದಿನ, ಮದುವೆ ದಿನ ಕೇಳುವುದು ಶುಭ ಹಾರೈಸಲಿಕ್ಕಲ್ಲ. ಆ ವಾರ ನೀವು ಬಟ್ಟೆಗೋ ಊಟಕ್ಕೋ ಹೇಗೂ ದುಡ್ಡು ತೆಗೆಯುತ್ತೀರಿ, ಅದು ನಮ್ಮಲ್ಲೇ ತೆಗೆಯಲಿ ಅಂತ. ಇದರಲ್ಲಿ ಮೋಸ ಇದೆ ಅನ್ನುತ್ತಿಲ್ಲ. ನಮ್ಮೂರ ಶೆಟ್ಟರಿಗೂ ನಮ್ಮ ಮನೆ ವಿಷಯವೆಲ್ಲ ಗೊತ್ತಿತ್ತು. ಆದರೆ ಅದು ಶೆಟ್ಟರ ತಲೆಯಲ್ಲಿತ್ತು, ಫೈಲ್ ಮಾಡಿ ಇನ್ನೊಬ್ಬರಿಗೆ ಕಳಿಸಲು ಬರುತ್ತಿರಲಿಲ್ಲ.

ಔಷಧಿ ಅಂಗಡಿಯಲ್ಲಿ ಮಾತ್ರ ನಾನು ಪೂರ್ತಿ ಬಿಗಿ. ನಂಬರಿನ ಜೊತೆ ಮಾತ್ರೆಗಳ ಪಟ್ಟಿ ಸೇರಿದರೆ ಅದು ನಿಮ್ಮ ಕಾಯಿಲೆಯ ಪಟ್ಟಿ. ಮನೆಯಲ್ಲಿ ಹೇಳಿಕೊಳ್ಳದ ಕಾಯಿಲೆ ಕೂಡ ಅಲ್ಲಿರುತ್ತದೆ.

ಈಗ ಕಾನೂನಿಗೆ ಬರೋಣ. 2023ರಲ್ಲಿ ದೆಹಲಿ ವಿಮಾನ ನಿಲ್ದಾಣದಲ್ಲಿ ಒಬ್ಬರು ಚ್ಯೂಯಿಂಗ್ ಗಮ್ ಕೊಳ್ಳಲು ಹೋದಾಗ ಫೋನ್ ನಂಬರ್ ಕೇಳಿದರಂತೆ, ಅವರು ಗಮ್ ಅಲ್ಲೇ ಬಿಟ್ಟು ಬಂದು ಅದನ್ನು ಟ್ವಿಟರ್‌ನಲ್ಲಿ ಬರೆದರು, ಅದು ದೊಡ್ಡ ಸುದ್ದಿಯಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ವ್ಯಾಪಾರ ಸಂಘಟನೆಗಳಿಗೆ ಒಂದು ಸೂಚನೆ ಕಳಿಸಿತು. ಮೊಬೈಲ್ ನಂಬರ್ ಕೊಡದಿದ್ದರೆ ಸಾಮಾನು ಕೊಡಲ್ಲ, ಬಿಲ್ ಕೊಡಲ್ಲ ಅನ್ನುವಂತಿಲ್ಲ, ಹಾಗೆ ಒತ್ತಾಯ ಮಾಡುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ ಅಂತ ಇಲಾಖೆ ಹೇಳಿತು. ಇದು ಸೂಚನೆ, ಇದರಲ್ಲೇ ದಂಡ ಇಲ್ಲ, ಅದನ್ನೂ ನೆನಪಿಡಿ. ದಂಡ ಹಾಕಿಸುವ ಬಲ ಇರುವುದು ಕಾಯ್ದೆಯಲ್ಲಿ. ಬಿಲ್ ಕೊಡದಿರುವುದು ಅದರ ಪ್ರಕಾರ ತಪ್ಪು. ನೀವು ನಂಬಿ ಕೊಟ್ಟ ಖಾಸಗಿ ಮಾಹಿತಿಯನ್ನು ಕಾನೂನು ಮೀರಿ ಬೇರೆಯವರಿಗೆ ದಾಟಿಸುವುದೂ ತಪ್ಪು.

ಇದರ ಬೇರು ಇನ್ನೂ ಹಿಂದಿನದು, ಮತ್ತು ನಮ್ಮ ಕಡೆಯದೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದಿದ್ದು. ಅದಾದ ಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಗೆ ಬೇರೆ ಕಾಯ್ದೆಯೇ ಬಂತು. ಒಪ್ಪಿಗೆ ಅಂದರೆ ಒತ್ತಾಯ ಇರಬಾರದು, ಯಾವ ಕೆಲಸಕ್ಕೆ ಅಂತ ಹೇಳಿ ಕೇಳಬೇಕು, ಆ ಕೆಲಸಕ್ಕೆ ಬೇಕಾದಷ್ಟನ್ನೇ ಕೇಳಬೇಕು, ಕೊಟ್ಟಷ್ಟೇ ಸುಲಭವಾಗಿ ವಾಪಸ್ ತಗೊಳ್ಳುವಂತಿರಬೇಕು ಅನ್ನುತ್ತದೆ ಅದು. ಒಪ್ಪಿಗೆ ಕೇಳುವ ನೋಟಿಸ್ ಕನ್ನಡದಲ್ಲಿ ಬೇಕು ಅಂದರೆ ಕನ್ನಡದಲ್ಲೂ ಸಿಗಬೇಕು.

ಆ ಕಾಯ್ದೆಯೊಳಗೆ ಒಂದು ಉದಾಹರಣೆ ಇದೆ, ನಿಮ್ಮ ಅತ್ತೆಯ ಕಥೆಯ ಹಾಗೇ ಇದೆ. ಒಬ್ಬಾಕೆ ಔಷಧಿ ಅಂಗಡಿಯಲ್ಲಿ ಏನೋ ಕೊಳ್ಳುತ್ತಾಳೆ. ದುಡ್ಡು ಬಂತು ಅಂತ ಫೋನಿಗೆ ಒಂದು ಮೆಸೇಜ್ ಕಳಿಸಿ ಅಂತ ತಾನಾಗಿಯೇ ನಂಬರ್ ಕೊಡುತ್ತಾಳೆ. ಅಂಗಡಿಯವರು ಆ ನಂಬರನ್ನು ರಸೀದಿ ಕಳಿಸಲು ಬಳಸಬಹುದು. ಉದಾಹರಣೆ ಅಲ್ಲಿಗೇ ಮುಗಿಯಿತು. ಅಂದರೆ ರಸೀದಿಗೆ ಅಂತ ಕೊಟ್ಟ ನಂಬರಿಗೆ ಆಷಾಢದ ಸೇಲ್ ಮೆಸೇಜ್ ಕಳಿಸುವುದು ಬೇರೆಯೇ ಕೆಲಸ, ಅದಕ್ಕೆ ಬೇರೆ ಒಪ್ಪಿಗೆ. ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು, ಅಂಗಡಿಗಳಿಗೆ ತಾಕುವ ಮುಖ್ಯ ಭಾಗಗಳಿಗೆ ಅಲ್ಲಿಂದ 18 ತಿಂಗಳು ಕಾಲಾವಕಾಶ ಕೊಟ್ಟಿದ್ದಾರೆ. ಹಾಗಾಗಿ 2027ರ ಮೇ ತನಕ ಈ ಕಾಯ್ದೆ ತೋರಿಸಿ ಕೌಂಟರ್‌ನಲ್ಲಿ ವಾದ ಮಾಡಿದರೆ ಪ್ರಯೋಜನ ಕಡಿಮೆ, ಅಲ್ಲಿಯವರೆಗೆ ಗ್ರಾಹಕ ಕಾಯ್ದೆಯೇ ಕೈಗೆ ಸಿಗುವ ಅಸ್ತ್ರ.

ಓಟಿಪಿ ವಿಷಯಕ್ಕೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಇದು ಶುರುವಾಗಿದ್ದು ಹೇಗೆ ಅಂದರೆ, ಜನ ಬಾಯಿಗೆ ಬಂದ ಹತ್ತು ಅಂಕಿ ಹೇಳಿ ತಪ್ಪಿಸಿಕೊಳ್ಳತೊಡಗಿದರು. ಆಗ ಕಂಪನಿಗಳು ನಂಬರ್ ನಿಜವೋ ಸುಳ್ಳೋ ನೋಡಲು ಓಟಿಪಿ ಕಳಿಸತೊಡಗಿದವು. ನೀವು ಅದನ್ನು ಹೇಳಿದರೆ ನಂಬರ್ ಖಾತ್ರಿಯೂ ಆಯಿತು, ಹಲವು ಕಡೆ ಮೆಸೇಜ್ ಕಳಿಸಲು ಒಪ್ಪಿಗೆಯೂ ಕೊಟ್ಟ ಹಾಗಾಯಿತು. ಆದರೆ ಇದರಿಂದ ಹಾಳಾಗುವುದು ಏನು ನೋಡಿ. ಓಟಿಪಿ ಯಾರಿಗೂ ಹೇಳಬೇಡಿ ಅಂತ ಬ್ಯಾಂಕಿನವರು, ಪೊಲೀಸರು, ಮನೆ ಮಕ್ಕಳು ಎಲ್ಲ ಸೇರಿ ಹಿರಿಯರಿಗೆ ವರ್ಷಗಟ್ಟಲೆ ಹೇಳಿಕೊಟ್ಟಿದ್ದಾರೆ. ಇಲ್ಲಿ ಒಂದು ಶಾಂಪೂ ಬಾಟಲಿಗೋಸ್ಕರ ಅದೇ ಹಿರಿಯರಿಂದ, ಸಾಲಿನಲ್ಲಿ ನಿಲ್ಲಿಸಿ, ಗಟ್ಟಿಯಾಗಿ ಓಟಿಪಿ ಓದಿಸುತ್ತಿದ್ದಾರೆ. ನಿಮ್ಮ ಅತ್ತೆ ಹೇಳಿದ್ದರಿಂದ ದುಡ್ಡು ಹೋಗಿರುವ ಸಾಧ್ಯತೆ ಕಡಿಮೆ, ಆದರೂ ಆ ಮೆಸೇಜ್ ತೆಗೆದು ಓದಿ. ಯಾವ ಹೆಸರಿನಿಂದ ಬಂದಿದೆ, ಯಾವುದಕ್ಕೆ ಅಂತ ಬರೆದಿದೆ ನೋಡಿ. ಬ್ಯಾಂಕ್, ಯುಪಿಐ, ಸಾಲ ಅನ್ನುವ ಮಾತು ಅದರಲ್ಲಿದ್ದರೆ ತಡ ಮಾಡದೆ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿ. ಇನ್ನು ಮುಂದೆ ಅಂಗಡಿಯಲ್ಲಿ ಓಟಿಪಿ ಕೇಳಿದರೆ ಮಾತೇ ಬೇಡ, ಇಲ್ಲ ಅಂದರೆ ಇಲ್ಲ.

ಆಫರ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಲೆಕ್ಕ ಮಾತ್ರ ಹೇಳುತ್ತೇನೆ. ನಿಮ್ಮ ಬಿಲ್ 860. 999 ಆದರೆ 200 ರೂಪಾಯಿಯ ಬಿಸ್ಕತ್ ಡಬ್ಬ 100ಕ್ಕೆ ಅಂದರು ಅಂದುಕೊಳ್ಳಿ. 139 ರೂಪಾಯಿಗೆ ಬೇಡದ್ದು ತಗೊಂಡು, ಮೇಲೆ 100 ಕೊಟ್ಟು, ಒಟ್ಟು 239 ಹೆಚ್ಚು ಖರ್ಚು ಮಾಡಿ 100 ಉಳಿಸಿದ ಖುಷಿ. ಮನೆಗೆ ಆ ವಾರ ಬೇಕಿದ್ದ ಸಾಮಾನೇ ಆದರೆ ಸರಿ, ಇಲ್ಲದಿದ್ದರೆ ಸುಮ್ನೆ. ಪಾಯಿಂಟ್ಸ್ ಕೊಡುತ್ತೇವೆ ಅಂದರೆ ಒಂದೇ ಪ್ರಶ್ನೆ ಕೇಳಿ: ಈ ಬಿಲ್ಲಿಗೆ ಬರುವ ಪಾಯಿಂಟ್ಸ್‌ಗೆ ರೂಪಾಯಿ ಎಷ್ಟು, ಯಾವಾಗ ಮುಗಿಯುತ್ತದೆ? ಕೌಂಟರ್‌ನಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರುವುದಿಲ್ಲ. ಬಳಸದೆ ಸತ್ತುಹೋಗುವ ಪಾಯಿಂಟ್ಸ್ ಅಂಗಡಿಗೆ ಲಾಭವೇ. ಹಾಗಂತ ತಿಂಗಳ ರೇಷನ್ ಪೂರ್ತಿ ಒಂದೇ ಕಡೆ ತರುವವರಾದರೆ ಪಾಯಿಂಟ್ಸ್ ವರ್ಷಕ್ಕೆ ಒಂದಿಷ್ಟು ಸಾವಿರ ಉಳಿಸಿಕೊಡಬಹುದು, ಆಗ ಗೊತ್ತಿದ್ದೂ ನಂಬರ್ ಕೊಡಿ. ಅದು ನೀವು ಮಾಡುವ ವ್ಯಾಪಾರ, ತಪ್ಪಿಲ್ಲ.

ಕವರಿನ ವಿಷಯದಲ್ಲಿ ಗ್ರಾಹಕರು ಗೆದ್ದ ಕಥೆಗಳಿವೆ. 2019ರಲ್ಲಿ ಚಂಡೀಗಢದಲ್ಲಿ ಒಬ್ಬರು ಚಪ್ಪಲಿ ಅಂಗಡಿಯ ಕವರಿಗೆ 3 ರೂಪಾಯಿ ಹಾಕಿದ್ದಕ್ಕೆ ಗ್ರಾಹಕರ ವೇದಿಕೆಗೆ ಹೋದರು, ಕಂಪನಿ ಕಕ್ಕಿದ್ದು 9,000. ಮುಂದಿನ ವರ್ಷ ರಾಷ್ಟ್ರೀಯ ಗ್ರಾಹಕರ ಆಯೋಗವೂ ಹೇಳಿತು: ಮೊದಲೇ ತಿಳಿಸದೆ, ಬಿಲ್ ಮಾಡುವಾಗ ಕವರಿಗೆ ದುಡ್ಡು ಸೇರಿಸುವುದು ತಪ್ಪು. ದಾನವೂ ಹಾಗೇ, ಕೇಳದೆ ಸೇರಿಸಿದ್ದರೆ ತೆಗೆಸಿ. ಆನ್‌ಲೈನ್ ಅಂಗಡಿಗಳು ಹೀಗೆ ಕದ್ದು ಸೇರಿಸುವುದನ್ನು, ಬೇಡ ಅಂದರೆ ನಾಚಿಕೆಯಾಗುವ ಹಾಗೆ ಬರೆಯುವುದನ್ನು, ಪದೇ ಪದೇ ಪೀಡಿಸುವುದನ್ನು 2023ರ ನವೆಂಬರ್‌ನಲ್ಲಿ ಹೆಸರಿಟ್ಟು ನಿಷೇಧಿಸಿದ್ದಾರೆ, ಒಟ್ಟು 13 ಬಗೆ. ಕೌಂಟರ್‌ನಲ್ಲಿ ಬಾಯಲ್ಲಿ ಮಾಡುವುದೂ ಅದೇ ಆಟ, ಕೊಂಚ ಮರ್ಯಾದೆಯ ದನಿಯಲ್ಲಿ.

ಬೇಡ ಅನ್ನುವುದು ಹೇಗೆ? ಕಾರಣ ಕೊಡಬೇಡಿ. ಕಾರಣ ಕೊಟ್ಟರೆ ಅದಕ್ಕೆ ಉತ್ತರ ಕೊಡಲು ಅವರಿಗೆ ತರಬೇತಿ ಆಗಿರುತ್ತದೆ, ನಾನೇ ಕೊಟ್ಟಿದ್ದೇನೆ. "ನಂಬರ್ ಬೇಡ, ಪೇಪರ್ ಬಿಲ್ ಕೊಡಪ್ಪ" ಅಂತ ನಗುತ್ತಾ ಹೇಳಿ, ಕಾರ್ಡೋ ನೋಟೋ ಮುಂದಕ್ಕೆ ಹಿಡಿಯಿರಿ. ಇನ್ನೂ ಹಟ ಮಾಡಿದರೆ "ಮ್ಯಾನೇಜರ್ ಕರೀರಿ, ನಂಬರ್ ಇಲ್ಲದೆ ಬಿಲ್ ಆಗಲ್ಲ ಅಂತ ಬರೆದುಕೊಡಲಿ" ಅನ್ನಿ. ಬರೆದುಕೊಡುವ ಮ್ಯಾನೇಜರ್ ಇನ್ನೂ ಹುಟ್ಟಿಲ್ಲ. ಹಿಂದೆ ನಿಂತವರ ಬಗ್ಗೆ ಯೋಚನೆ ಬೇಡ, ಅವರಿಗೂ ತಡವಾಗುವುದು ನಿಮ್ಮಿಂದಲ್ಲ, ಆ ಹುಟ್ಟುಹಬ್ಬದ ಪ್ರಶ್ನೆಯಿಂದ. ಸುಳ್ಳು ನಂಬರ್ ಮಾತ್ರ ಹೇಳಬೇಡಿ. ಆ ಹತ್ತು ಅಂಕಿ ಇನ್ಯಾರದ್ದೋ ಆಗಿರುತ್ತದೆ, ನಿಮ್ಮ ಕಾಟ ಅವರ ತಲೆಗೆ.

ಒಂದು ಸಣ್ಣ ಸಂದು ಇದೆ, ಹೆಚ್ಚಿನವರು ಗಮನಿಸುವುದಿಲ್ಲ. ಬಾಯಲ್ಲಿ ನಂಬರ್ ಬೇಡ ಅಂದು ಯುಪಿಐನಲ್ಲಿ ದುಡ್ಡು ಹಾಕುತ್ತೀರಿ. ನಿಮ್ಮ ಯುಪಿಐ ಐಡಿಯೇ ಮೊಬೈಲ್ ನಂಬರ್ ಆಗಿದ್ದರೆ ಅದು ಆ ಕಡೆ ಕಾಣಬಹುದು. ಆ್ಯಪಿನೊಳಗೆ ಹೋಗಿ ಬೇರೆ ಹೆಸರಿನ ಐಡಿ ಮಾಡಿಕೊಳ್ಳಿ, ಎರಡು ನಿಮಿಷದ ಕೆಲಸ.

ನಾನೂ ಕೊಡುವ ಜಾಗಗಳಿವೆ. ಫ್ರಿಜ್, ಮಿಕ್ಸಿ ತಗೊಂಡಾಗ ವಾರಂಟಿಗೆ ಕೊಡುತ್ತೇನೆ. ಪ್ಯಾಂಟ್ ಉದ್ದ ಕಡಿಮೆ ಮಾಡಲು ಬಿಟ್ಟು ಬಂದಾಗ, ಮನೆಗೆ ತಲುಪಿಸಿ ಅಂದಾಗ ಕೊಡುತ್ತೇನೆ. ಅಲ್ಲಿ ನಂಬರಿಗೆ ಕೆಲಸ ಇದೆ. ಹುಟ್ಟಿದ ದಿನ ಮಾತ್ರ ಎಲ್ಲೂ ಇಲ್ಲ.

ಇನ್ನು ಕೊಟ್ಟಾಗಿದೆಯಲ್ಲ, ಅದನ್ನು ತೆಗೆಸುವುದು. ಬಿಲ್ಲಿನಲ್ಲಿ ಗ್ರಾಹಕ ಸೇವೆಯ ಇಮೇಲ್ ಇರುತ್ತದೆ. ಅದಕ್ಕೆ ಎರಡೇ ಸಾಲು ಬರೆಯಿರಿ: ನನ್ನ ಈ ನಂಬರಿಗೆ ಪ್ರಚಾರದ ಮೆಸೇಜ್ ಕಳಿಸಲು ಕೊಟ್ಟ ಒಪ್ಪಿಗೆ ವಾಪಸ್ ತಗೊಂಡಿದ್ದೇನೆ, ನನ್ನ ಹೆಸರು, ನಂಬರ್, ಹುಟ್ಟಿದ ದಿನ, ಮದುವೆ ದಿನ ಅಳಿಸಿ ಉತ್ತರ ಕೊಡಿ. ತೆರಿಗೆ ಲೆಕ್ಕಕ್ಕೆ ಬಿಲ್ಲನ್ನು ಅವರು ಇಟ್ಟುಕೊಳ್ಳಬೇಕು, ಅದನ್ನು ಅಳಿಸಲ್ಲ, ಅದು ಸರಿಯೇ. ಇದನ್ನು ಮೊದಲು ಮಾಡಿ. ಯಾಕೆಂದರೆ ಪ್ರಚಾರದ ಕರೆ, ಮೆಸೇಜ್ ಬೇಡ ಅನ್ನುವ ನೋಂದಣಿ, ಅಂದರೆ ಡಿಎನ್‌ಡಿ ಹಾಕಿಸಿದರೂ ನೀವೇ ಒಪ್ಪಿಗೆ ಕೊಟ್ಟ ಅಂಗಡಿಯ ಮೆಸೇಜ್ ದಾಟಿ ಬರುತ್ತದೆ. ಆಮೇಲೆ 1909ಕ್ಕೆ ಫೋನ್ ಮಾಡಿ ಡಿಎನ್‌ಡಿ ಹಾಕಿಸಿ, ಅಥವಾ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ ಡಿಎನ್‌ಡಿ ಆ್ಯಪ್ ಇಟ್ಟುಕೊಳ್ಳಿ, ಅದರಲ್ಲಿ ದೂರು ಕೊಡುವುದೂ ಸುಲಭ. ಮೆಸೇಜ್ ಕಳಿಸಿದವರ ಹೆಸರಿನ ಕೊನೆಗೆ ಈಗ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ, ನೋಡಿ. ಪಿ ಇದ್ದರೆ ಪ್ರಚಾರ, ಎಸ್ ಅಂದರೆ ಸೇವೆ, ಟಿ ಅಂದರೆ ವಹಿವಾಟು, ಜಿ ಅಂದರೆ ಸರ್ಕಾರ. ಡಿಎನ್‌ಡಿ ಹಾಕಿಸಿ, ಒಪ್ಪಿಗೆ ವಾಪಸ್ ತಗೊಂಡ ಮೇಲೂ ಪಿ ಬಂದರೆ 7 ದಿನದೊಳಗೆ ದೂರು ಹಾಕಿ. ವಾಟ್ಸ್ಆ್ಯಪ್‌ಗೆ ಈ ಡಿಎನ್‌ಡಿ ನಾಟುವುದಿಲ್ಲ, ಅಲ್ಲಿ ಬ್ಲಾಕ್ ಮತ್ತು ರಿಪೋರ್ಟ್ ಮಾಡಿ.

ಬಿಲ್ಲನ್ನೇ ಕೊಡದೆ ಕಳಿಸಿದರೆ ಅಥವಾ ಇಮೇಲ್‌ಗೆ ಉತ್ತರವೇ ಇಲ್ಲದಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅವರು ದೂರನ್ನು ನೇರ ಕಂಪನಿಗೆ ದಾಟಿಸುತ್ತಾರೆ, ದೊಡ್ಡ ಕಂಪನಿಗಳು ಅಲ್ಲಿಂದ ಬಂದಿದ್ದಕ್ಕೆ ಬೇಗ ಓಗೊಡುತ್ತವೆ. ಅದರ ಮೇಲೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಕಾಗಿಲ್ಲ, ಎರಡು ವರ್ಷದೊಳಗೆ ಹೋಗಬೇಕು. ಆದರೆ ಬರೀ ಮೆಸೇಜ್ ಕಾಟಕ್ಕೆ ಅಲ್ಲಿವರೆಗೆ ಹೋಗಿ ತಿಂಗಳುಗಟ್ಟಲೆ ಓಡಾಡಿ ಅಂತ ನಾನು ಹೇಳುವುದಿಲ್ಲ. ನಿಮಗೆ ಹುರುಪಿದ್ದರೆ ಹೋಗಿ, ಆ 3 ರೂಪಾಯಿಯವರು ಹೋಗಲಿಲ್ಲವೇ.

ಅತ್ತೆಯವರಿಗೆ ಇಷ್ಟೆಲ್ಲ ಹೇಳಬೇಡಿ, ತಲೆ ಕೆಡುತ್ತದೆ. "ನಂಬರ್ ನೆನಪಿಲ್ಲ ಕಣಪ್ಪ" ಅನ್ನಲು ಹೇಳಿಕೊಡಿ. ಅಂಗಡಿಗೆ ಇಮೇಲ್ ಕಳಿಸಿ ಹದಿನೈದು ದಿನ ಕಾದು ನೋಡಿ, ಮೆಸೇಜ್ ನಿಲ್ಲದಿದ್ದರೆ ಅದರ ಕೊನೆಯ ಅಕ್ಷರ ಯಾವುದು ಅಂತ ಬರೆದು ಕಳಿಸಿ, ಮುಂದಿನದು ನೋಡೋಣ.